ಸೆಕೆಂಡ್ ಗೇರ್ ಜೋರಾಗಿ ಹಾಕಿದ್ರೆ ಕರ್ರ್ ಅನ್ನತ್ತೆ, ಗೇರ್ ಬಾಕ್ಸ್ ನಾನೇ ಹಾಳು ಮಾಡ್ಕೋತಿದೀನಾ?

ರೆಡ್‌ಲೈನ್_ರೋಗಿ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಓದ್ಬಿಟ್ಟು ಆಮೇಲೆ ಬೈರಿ. ನಂದು 5 ಗೇರಿನ ಮ್ಯಾನ್ಯುಯಲ್ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು, ಈಗ 62,000 ಕಿಲೋಮೀಟರ್ ಆಗಿದೆ. ನಾನು ಜೋರಾಗೇ ಓಡಿಸ್ತೀನಿ ಒಪ್ಕೋತೀನಿ, ಖಾಲಿ ರೋಡ್ ಸಿಕ್ರೆ ಫಸ್ಟ್‌ನಲ್ಲಿ 5500 ಆರ್‌ಪಿಎಂ ತನಕ ಎಳೆದು ಒಂದೇ ಏಟಿಗೆ ಸೆಕೆಂಡಿಗೆ ಬಡಿಯೋದು, ಆಕ್ಸಿಲರೇಟರ್ ಪೂರ್ತಿ ಬಿಡೋದೂ ಇಲ್ಲ, ಕ್ಲಚ್‌ನ ಒಂದು ಕ್ಷಣ ಒದ್ದು ಬಿಟ್ಬಿಡೋದು. ಆರೇಳು ತಿಂಗಳು ಹೀಗೇ ನಡೀತು, ಏನೂ ತೊಂದ್ರೆ ಇರ್ಲಿಲ್ಲ. ಈಗ ಎರಡು ವಾರದಿಂದ ಹಾಗೆ ಹಾಕ್ದಾಗ ಸೆಕೆಂಡ್ ಗೇರು "ಕರ್ರ್" ಅನ್ನತ್ತೆ, ಪ್ರತೀ ಸಲ ಅಲ್ಲ, ಹತ್ತಕ್ಕೆ ಮೂರ್ನಾಲ್ಕು ಸಲ. 2500ರಲ್ಲಿ ನಿಧಾನಕ್ಕೆ ಬದಲಾಯಿಸಿದ್ರೆ ಸದ್ದೇ ಇಲ್ಲ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಮಾತ್ರ ನಿಧಾನಕ್ಕೆ ಹಾಕಿದ್ರೂ ಒಂಚೂರು ಬಿಗಿ ಅನ್ಸತ್ತೆ.

ಒಬ್ಬ ಫ್ರೆಂಡ್ ಗೇರ್ ಹಲ್ಲು ಉದುರ್ತಿದೆ, ಬಾಕ್ಸ್ ಬಿಚ್ಚಿಸು ಅಂತಾನೆ, ಇನ್ನೊಬ್ಬ ಇವತ್ತಿನ ಗಾಡಿಗಳೆಲ್ಲ ಇದನ್ನ ತಡ್ಕೊಳ್ಳೋ ಹಾಗೇ ಮಾಡಿರ್ತಾರೆ, ಸುಮ್ನೆ ಓಡ್ಸು ಅಂತಾನೆ. ಇಬ್ರೂ ಬಾನೆಟ್ ಎತ್ತಿದ್ದು ನಾನಂತೂ ನೋಡಿಲ್ಲ. ನಿಜವಾಗ್ಲೂ ಒಳಗೆ ಏನು ಸವೀತಿದೆ? ಬೇಗ ಗೇರ್ ಹಾಕೋದೇ ತಪ್ಪಾ, ಅಥವಾ ನಾನು ಹಾಕೋ ರೀತಿ ತಪ್ಪಾ?

ಹಳೇ_ಸ್ಪ್ಯಾನರ್:

ತಮ್ಮಾ, ಗೇರ್ ಹಲ್ಲು ಉದುರ್ತಿದ್ರೆ ನಿಧಾನಕ್ಕೆ ಹೋಗುವಾಗ್ಲೂ ಸದ್ದು ಬರ್ತಿತ್ತು, ಆ ಭಯ ಬಿಡು. ನೀನು ಹೇಳ್ತಿರೋ ಲಕ್ಷಣ ಸಿಂಕ್ರೋ ರಿಂಗಿಂದು. ನಾವು "ಗೇರ್ ಹಾಕೋದು" ಅಂತೀವಲ್ಲ, ಅದ್ರಲ್ಲಿ ದೊಡ್ಡ ಗೇರ್ ಚಕ್ರಗಳು ಎಲ್ಲಿಗೂ ಸರಿಯಲ್ಲ, ಅವು ಯಾವಾಗ್ಲೂ ಒಂದಕ್ಕೊಂದು ಕಚ್ಕೊಂಡೇ ತಿರುಗ್ತಿರ್ತವೆ. ಸರಿಯೋದು ಸ್ಲೀವ್ ಒಂದೇ, ಅದು ಹೋಗಿ ಗೇರಿನ ಪಕ್ಕದ ಸಣ್ಣ ಹಲ್ಲುಗಳಿಗೆ ಲಾಕ್ ಆಗಬೇಕು. ಸ್ಲೀವ್ ಒಂದು ಸ್ಪೀಡಲ್ಲಿ ತಿರುಗ್ತಿರತ್ತೆ, ಗೇರ್ ಇನ್ನೊಂದು ಸ್ಪೀಡಲ್ಲಿ. ಇವೆರಡನ್ನ ಸಮ ಮಾಡೋಕೆ ಮಧ್ಯದಲ್ಲಿ ಒಂದು ರಿಂಗ್, ಬಹಳ ಗಾಡೀಲಿ ಹಿತ್ತಾಳೇದು. ನೀನು ಲಿವರ್ ತಳ್ಳಿದಾಗ ಆ ರಿಂಗು ಗೇರಿನ ಕೋನ್ ಮೇಲೆ ಒತ್ಕೊಂಡು ಬ್ರೇಕ್ ಥರ ಕೆಲಸ ಮಾಡತ್ತೆ, ಸ್ಪೀಡ್ ಸಮ ಆಗೋ ತನಕ ಸ್ಲೀವ್‌ನ ಮುಂದೆ ಬಿಡಲ್ಲ, ಬಾಗಿಲಲ್ಲಿ ಅಡ್ಡ ನಿಂತ್ಕೊಂಡ ಹಾಗೆ. ಸಮ ಆದ ತಕ್ಷಣ ತಾನೇ ದಾರಿ ಬಿಡತ್ತೆ. ಲಿವರಲ್ಲಿ ನಡುವೆ ಒಂದು ಸಣ್ಣ ತಡೆ ಸಿಗತ್ತಲ್ಲ, ಅದೇ ಅದು.

ರಿಂಗಿನ ಒಳಮೈಯಲ್ಲಿ ಸಣ್ಣ ಗೀರು ಗೀರು ಇರತ್ತೆ, ಆಯಿಲ್ ಪದರ ಕತ್ತರಿಸಿ ಕೋನ್ ಹಿಡಿಯೋಕೆ. ಪ್ರತೀ ಸಲ ಬಡಿದು ಬಡಿದು ಆ ಗೀರೆಲ್ಲ ನುಣ್ಣಗಾದ್ರೆ ರಿಂಗ್ ಜಾರತ್ತೆ, ಅಡ್ಡ ನಿಲ್ಲೋ ಶಕ್ತಿ ಇರಲ್ಲ, ಸ್ಲೀವ್ ಮುಂಚೇನೇ ನುಗ್ಗಿ ಹಲ್ಲಿಗೆ ಹಲ್ಲು ತಾಗತ್ತೆ, ಕರ್ರ್. ಇದೇ ಮುಂದುವರಿದ್ರೆ ಆ ಸಣ್ಣ ಹಲ್ಲಿನ ಚೂಪು ಮೂತಿ ಮೊಂಡಾಗತ್ತೆ, ಆಮೇಲೆ ಗೇರ್ ತಾನೇ ಹಾರಿ ನ್ಯೂಟ್ರಲ್‌ಗೆ ಬರೋಕೆ ಶುರು. ಆಗ ಬರೀ ರಿಂಗ್ ಹಾಕಿದ್ರೆ ಸಾಲಲ್ಲ, ಗೇರೂ ಬೇಕು ಸ್ಲೀವೂ ಬೇಕು.

ಆದ್ರೆ ಬಾಕ್ಸ್ ಬಿಚ್ಚೋ ಮುಂಚೆ ಪೆಡಲ್ ಒತ್ತಿದಾಗ ಕ್ಲಚ್ಚು ಇಂಜಿನ್‌ನಿಂದ ಬಾಕ್ಸ್‌ನ ಪೂರ್ತಿ ಬೇರೆ ಮಾಡ್ತಿದ್ಯಾ ನೋಡು. ಇಂಜಿನ್ ಐಡಲ್, ಗಾಡಿ ನಿಂತಿರ್ಲಿ, ಕ್ಲಚ್ ಪೂರ್ತಿ ಒತ್ತಿ ಮೂರ್ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕು. ಬಹಳ ಗಾಡೀಲಿ ರಿವರ್ಸ್‌ಗೆ ಸಿಂಕ್ರೋ ಇರಲ್ಲ, ಅದಕ್ಕೇ ಅದು ಸುಳ್ಳು ಹೇಳಲ್ಲ. ಅಷ್ಟು ಕಾದ್ಮೇಲೂ ಕರ್ ಅಂದ್ರೆ ಕ್ಲಚ್ ಎಳೀತಿದೆ ಅಂತ, ಅಂದ್ರೆ ಪೂರ್ತಿ ಒತ್ತಿದ್ರೂ ಇಂಜಿನ್ ಇನ್ನೂ ಬಾಕ್ಸ್‌ನ ತಿರುಗಿಸ್ತಿದೆ. ಆಗ ಪಾಪ ಆ ಸಣ್ಣ ರಿಂಗು ಬರೀ ಕ್ಲಚ್ ಪ್ಲೇಟ್ ಅಲ್ಲ, ಇಡೀ ಇಂಜಿನ್ನೇ ನಿಲ್ಲಿಸೋಕೆ ಒದ್ದಾಡ್ತಿರತ್ತೆ.

ಟ್ರ್ಯಾಕ್_ತಿರುಕ:

ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ, ಆದ್ರೆ "ಬಡಿದು ಬಡಿದು" ಅನ್ನೋದನ್ನ ಎಲ್ರೂ "ಬೇಗ ಹಾಕಿದ್ರೆ ಹಾಳು" ಅಂತ ಓದ್ಕೋತಾರೆ, ಅದು ಪೂರ್ತಿ ನಿಜ ಅಲ್ಲ. ನಾನು ಟ್ರ್ಯಾಕಲ್ಲಿ ಓಡಿಸ್ತೀನಿ, ಬೇಗಾನೇ ಹಾಕ್ತೀನಿ, ಬಾಕ್ಸ್ ಇನ್ನೂ ಚೆನ್ನಾಗಿದೆ. ರಿಂಗಿಗೆ ಲೆಕ್ಕ ಇರೋದು ಎಷ್ಟು ಆರ್‌ಪಿಎಂ ವ್ಯತ್ಯಾಸ ಸರಿ ಮಾಡ್ಬೇಕು ಅನ್ನೋದು. ಒಂದು ಉದಾಹರಣೆ ತಗೋ ಗುರು, ಫಸ್ಟ್ ರೇಶಿಯೋ (ಬಾಕ್ಸಿಂದ ಹೊರಗೆ ಒಂದು ಸುತ್ತು ಬರೋಕೆ ಒಳಗೆ ಎಷ್ಟು ಸುತ್ತು ಬೇಕು ಅನ್ನೋದು) 3.5, ಸೆಕೆಂಡ್ 1.9, ಥರ್ಡ್ 1.3 ಇದೆ ಅಂತಿಟ್ಕೋ. ಫಸ್ಟಲ್ಲಿ 5500ಕ್ಕೆ ಹೋಗಿ ಸೆಕೆಂಡ್ ಹಾಕಿದ್ರೆ ಅದೇ ಸ್ಪೀಡಿಗೆ ಇನ್‌ಪುಟ್ ಶಾಫ್ಟ್ (ಕ್ಲಚ್ಚಿಂದ ಬಾಕ್ಸ್ ಒಳಗೆ ಹೋಗೋ ಶಾಫ್ಟು) ಸುಮಾರು 2985ಕ್ಕೆ ಇಳೀಬೇಕು, ಅಂದ್ರೆ 2500ಕ್ಕೂ ಜಾಸ್ತಿ ಆರ್‌ಪಿಎಂ ಬೀಳಬೇಕು. ಸೆಕೆಂಡಿಂದ ಥರ್ಡಿಗೆ ಅದೇ 5500ರಲ್ಲಿ ಹಾಕಿದ್ರೆ 3760ರ ಹತ್ರ, ಬೀಳೋದು 1740 ಅಷ್ಟೇ. ಅದಕ್ಕೇ ಜಾಸ್ತಿ ಗಾಡೀಲಿ ಮೊದ್ಲು ಕೂಗೋದು ಸೆಕೆಂಡು. ಇನ್ನೊಂದು, ರಿಂಗಲ್ಲಿ ಹುಟ್ಟೋ ಬಿಸಿ ಈ ವ್ಯತ್ಯಾಸದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, ಎರಡರಷ್ಟಾದ್ರೆ ನಾಲ್ಕರಷ್ಟು ಬಿಸಿ. ನೀನು 2750ರಲ್ಲಿ ಬದಲಾಯಿಸೋದಕ್ಕೂ 5500ರಲ್ಲಿ ಬದಲಾಯಿಸೋದಕ್ಕೂ ಅಷ್ಟು ದೂರ ಇದೆ. ಒಂದು ಸಲಕ್ಕೆ ಏನೂ ಆಗಲ್ಲ, ದಿನಾ ನೂರು ಸಲ ಆದ್ರೆ ಲೆಕ್ಕ ಹಾಕ್ಕೋ.

ನಿನ್ನ ನಿಜವಾದ ತಪ್ಪು ಬೇರೆ. "ಕ್ಲಚ್‌ನ ಒಂದು ಕ್ಷಣ ಒದ್ದು" ಅಂದ್ಯಲ್ಲ, ಅಲ್ಲೇ ಇದೆ. ಕಾಲು ಅರ್ಧ ಇಳಿಯೋ ಅಷ್ಟರಲ್ಲಿ ನಿನ್ನ ಕೈ ಆಗ್ಲೇ ಲಿವರ್ ಎಳೆದಾಗಿರತ್ತೆ, ಆಕ್ಸಿಲರೇಟರ್ ಬೇರೆ ಒತ್ಕೊಂಡೇ ಇದ್ದೀಯ, ಅಂದ್ರೆ ಇಂಜಿನ್ ಇನ್ನೂ ಶಾಫ್ಟ್‌ನ ತಳ್ತಿದೆ. ಆ ಸ್ಥಿತೀಲಿ ಸ್ಲೀವ್‌ನ ತಳ್ಳೋ ಫೋರ್ಕ್ ಬಗ್ಗತ್ತೆ, ರಿಂಗ್ ಉರಿಯತ್ತೆ. ಆಮೇಲೆ ಕ್ಲಚ್‌ನ ಧಡಾರ್ ಅಂತ ಬಿಟ್ಟಾಗ ಆ ಏಟು ಬಾಕ್ಸಲ್ಲಿ ನಿಲ್ಲಲ್ಲ, ಕ್ಲಚ್ ಪ್ಲೇಟಿನ ಸ್ಪ್ರಿಂಗು, ಡ್ರೈವ್ ಶಾಫ್ಟು, ಇಂಜಿನ್ ಮೌಂಟು, ಎಲ್ಲಕ್ಕೂ ಪಾಲು ಹೋಗತ್ತೆ. ಕೈನ ಒಂದು ಉಸಿರಿನಷ್ಟು ತಡ ಮಾಡು, ಕಾಲು ಮೊದ್ಲು ನೆಲ ಮುಟ್ಲಿ, ಲಿವರ್ ಆ ತಡೆಗೆ ಒತ್ತಿ ಹಿಡಿ, ಅದು ಬಿಟ್ಟಾಗ ತಾನೇ ಒಳಗೆ ಹೋಗತ್ತೆ. ನೋಡೋರಿಗೆ ಎರಡೂ ಒಂದೇ ಥರ ಬೇಗ ಕಾಣತ್ತೆ, ಒಳಗೆ ಭೂಮಿ ಆಕಾಶದಷ್ಟು ವ್ಯತ್ಯಾಸ.

ರೇಸ್ ಗಾಡೀಲಿ ಕ್ಲಚ್ ಇಲ್ದೇ ಬಡೀತಾರಲ್ಲ ಅಂತ ಕೇಳ್ಬೇಡ, ಅವು ಡಾಗ್ ಬಾಕ್ಸ್, ಸಿಂಕ್ರೋನೇ ಇರಲ್ಲ, ದಪ್ಪ ಹಲ್ಲು ಕಮ್ಮಿ ಸಂಖ್ಯೆ, ಜೋರಾಗಿ ಹಾಕೋದೇ ಅದಕ್ಕೆ ಸರಿ, ಮತ್ತೆ ಅವರು ಅದನ್ನ ಆಗಾಗ ಬಿಚ್ಚಿ ನೋಡ್ತಾನೂ ಇರ್ತಾರೆ.

ಮೂರನೇ_ಪೆಡಲ್:

ನಾನು ಗೇರ್ ಇಳಿಸುವಾಗ ಕ್ಲಚ್ ಒತ್ಕೊಂಡು ಆಕ್ಸಿಲರೇಟರ್ ಒಂದು ಸಲ ಬ್ಲಿಪ್ ಕೊಟ್ಟು (ಥಟ್ ಅಂತ ಒತ್ತಿ ಬಿಟ್ಟು) ರೆವ್ ಮ್ಯಾಚ್ ಮಾಡ್ತೀನಿ, ಅಂದ್ರೆ ಇಂಜಿನ್ ಆರ್‌ಪಿಎಂನ ಕೆಳಗಿನ ಗೇರಿಗೆ ಹೊಂದಿಸ್ತೀನಿ, ಸಿಂಕ್ರೋಗೆ ಒಳ್ಳೇದು ಅಂತ ಎಲ್ಲೋ ನೋಡಿದ್ದೆ. ರೋಗಿ ಅವ್ರೂ ಅದನ್ನ ಟ್ರೈ ಮಾಡ್ಬಹುದೇನೋ.

ಹಳೇ_ಸ್ಪ್ಯಾನರ್:

ಇಲ್ಲಿ ಬಹಳ ಜನ ಎಡವ್ತಾರೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಕ್ಲಚ್ ಒತ್ತಿದ್ಮೇಲೆ ಇಂಜಿನ್ನಿಗೂ ಬಾಕ್ಸಿಗೂ ಸಂಬಂಧ ಕಡಿದೋಯ್ತು, ಆಗ ನೀವು ಎಷ್ಟೇ ಬ್ಲಿಪ್ ಕೊಟ್ರೂ ಇನ್‌ಪುಟ್ ಶಾಫ್ಟಿಗೆ ಅದು ಗೊತ್ತೇ ಆಗಲ್ಲ. ಆ ಬ್ಲಿಪ್ಪಿಂದ ಲಾಭ ಕ್ಲಚ್ ಪ್ಲೇಟಿಗೆ, ಬಿಡುವಾಗ ಗಾಡಿ ಮುಗ್ಗರಿಸಲ್ಲ, ಟೈರ್ ಎಳೆಯಲ್ಲ. ಒಳ್ಳೇ ಅಭ್ಯಾಸಾನೇ. ಸಿಂಕ್ರೋ ಉಳೀಬೇಕು ಅಂದ್ರೆ ಡಬಲ್ ಕ್ಲಚ್ ಮಾಡ್ಬೇಕು: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಗ ಬ್ಲಿಪ್ ಕೊಟ್ಟು, ಮತ್ತೆ ಒತ್ತಿ ಕೆಳಗಿನ ಗೇರ್. ನ್ಯೂಟ್ರಲ್ಲಲ್ಲಿ ಕ್ಲಚ್ ಬಿಟ್ಟಾಗ ಇಂಜಿನ್ನೇ ಶಾಫ್ಟ್‌ನ ತಿರುಗಿಸಿ ಸ್ಪೀಡಿಗೆ ತರತ್ತೆ, ರಿಂಗಿಗೆ ಕೆಲಸ ಉಳಿಯಲ್ಲ. ಕ್ಯಾಡಿಲಾಕ್ ಅವ್ರು 1928ರಲ್ಲಿ ಸಿಂಕ್ರೋಮೆಶ್ ತರೋ ಮುಂಚೆ ಎಲ್ರೂ ಹೀಗೇ ಓಡಿಸ್ತಿದ್ದಿದ್ದು. ದಿನಾ ಟ್ರಾಫಿಕ್ಕಲ್ಲಿ ಇದು ಬೇಕಿಲ್ಲ, ರಿಂಗ್ ಹೋಗಿರೋ ಗಾಡೀನ ರಿಪೇರಿ ತನಕ ತಳ್ಳೋಕೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ.

ಏರಿಸುವಾಗ ಬ್ಲಿಪ್ ಬೇಡವೇ ಬೇಡ, ಅಲ್ಲಿ ಆರ್‌ಪಿಎಂ ಬೀಳಬೇಕು.

ಸುಮ್ನೆ_ಓದೋನು:

ಒಂದು ಮಾತು ಸೇರಿಸ್ತೀನಿ, ಇಡೀ ದಿನ ಎಡಗೈ ಗೇರ್ ಲಿವರ್ ಮೇಲೇ ಇಟ್ಕೊಂಡು ಓಡಿಸೋರು ಇದ್ದಾರಲ್ಲ (ಬಲಗೈ ಕಡೆ ಗೇರ್ ಇರೋ ದೇಶದವ್ರು ಬಲಗೈ ಅಂತ ಓದ್ಕೊಳ್ಳಿ), ಅವ್ರಿಗೆ ತಾವು ರೇಸ್ ಡ್ರೈವರ್ ಅನ್ನೋ ಭಾವನೆ, ಫೋರ್ಕಿಗೆ ಮಾತ್ರ ನರಕ. ತಿರುಗ್ತಿರೋ ಸ್ಲೀವಿಗೆ ಫೋರ್ಕ್ ಸದಾ ಉಜ್ಜುತ್ತಾ ಇರತ್ತೆ. ಹಾಗೇ ಕ್ಲಚ್ ಪೆಡಲ್ ಮೇಲೆ ಕಾಲು ಇಟ್ಕೊಂಡಿರೋದು, ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಅಲ್ಲಿ ಹೋಗತ್ತೆ.

ಮತ್ತೆ ರೋಗಿ ಅಣ್ಣ, ಏಟಿನಲ್ಲಿ ಬಡಿಯೋ ಅಭ್ಯಾಸ ಇರೋರಿಗೆ ಇನ್ನೊಂದು ದೊಡ್ಡ ಕಂಟಕ, ಥರ್ಡಿಂದ ಫೋರ್ತ್ ಅಂತ ಎಳೆದು ಸೆಕೆಂಡಿಗೆ ಬೀಳೋದು. ಮೇಲಿನ ರೇಶಿಯೋ ಪ್ರಕಾರಾನೇ ಥರ್ಡಲ್ಲಿ 6000 ಇದ್ದಿದ್ದು ಸೆಕೆಂಡಲ್ಲಿ ಕ್ಲಚ್ ಬಿಟ್ಟ ಕೂಡಲೇ 8700 ದಾಟತ್ತೆ. ರೆವ್ ಲಿಮಿಟರ್ ಇದೆಯಲ್ಲ ಅನ್ಬೇಡಿ, ಅದು ಪೆಟ್ರೋಲ್ ನಿಲ್ಲಿಸತ್ತೆ ಅಷ್ಟೇ, ಚಕ್ರ ಇಂಜಿನ್‌ನ ತಿರುಗಿಸೋದನ್ನ ನಿಲ್ಲಿಸೋಕೆ ಅದ್ರಿಂದ ಆಗಲ್ಲ. ವಾಲ್ವ್ ಹೋಗಿ ಪಿಸ್ಟನ್ ಮುತ್ತಿಟ್ರೆ ಗೇರ್ ಬಾಕ್ಸ್ ಚಿಂತೆ ತಾನಾಗೇ ಮರೆತೋಗತ್ತೆ. ಲಿವರ್‌ನ ಮುಷ್ಟೀಲಿ ಬಿಗಿಯಾಗಿ ಹಿಡಿದು ಎಡಕ್ಕೆ ವಾಲಿಸಿ ಎಳೆಯೋರಿಗೇ ಇದು ಜಾಸ್ತಿ ಆಗೋದು, ಥರ್ಡ್-ಫೋರ್ತ್ ನಡುವೆ ಅಂಗೈ ತೆರೆದು ನೇರ ಎಳೀರಿ, ಸ್ಪ್ರಿಂಗು ತಾನೇ ಮಧ್ಯದಲ್ಲಿ ಇಡತ್ತೆ.

ರೆಡ್‌ಲೈನ್_ರೋಗಿ:

ಎಲ್ರಿಗೂ ಥ್ಯಾಂಕ್ಸ್. ಸ್ಪ್ಯಾನರ್ ಅಣ್ಣಾ, ರಿವರ್ಸ್ ಟೆಸ್ಟ್ ಮಾಡ್ದೆ, ನಾಲ್ಕು ಸೆಕೆಂಡ್ ಕಾದ್ರೂ ಸಣ್ಣಗೆ ಕರ್ ಅಂತು! ಪೆಡಲ್ ಎರಡು ಮೂರು ಸಲ ಪಂಪ್ ಮಾಡಿ ಹಾಕಿದ್ರೆ ಸದ್ದಿಲ್ದೇ ಹೋಯ್ತು. ಕ್ಲಚ್ ಫ್ಲೂಯಿಡ್ ಡಬ್ಬಿ ನೋಡಿದ್ರೆ ಲೆವೆಲ್ ಕೆಳಗಿದೆ, ಬಣ್ಣ ಕಪ್ಪು. ಗೇರ್ ಆಯಿಲ್ ಬಗ್ಗೆ ಹಿಂದಿನ ಓನರ್ ಹತ್ರ ಕೇಳ್ದೆ, ಅದನ್ನೂ ಬದಲಾಯಿಸ್ಬೇಕಾ ಅಂತ ನನ್ನೇ ಕೇಳ್ತಾರೆ. ಈಗ ಎರಡೂ ಮಾಡಿಸೋಣ ಅಂತಿದೀನಿ, ಅಂಗಡೀಲಿ ಜಿಎಲ್-5 ಗ್ರೇಡಿನ ಗೇರ್ ಆಯಿಲ್ ಜಾಸ್ತಿ ಒಳ್ಳೇದು, ನಂಬರ್ ದೊಡ್ಡದು ಅಂತಿದಾರೆ, ಹಾಕ್ಲಾ?

ಹಳೇ_ಸ್ಪ್ಯಾನರ್:

ಪಂಪ್ ಮಾಡಿದ್ರೆ ಸರಿ ಹೋಗತ್ತೆ ಅಂದ್ರೆ ಕ್ಲಚ್ ಫ್ಲೂಯಿಡ್ ಲೈನಲ್ಲಿ ಗಾಳಿ ಸೇರಿದೆ, ಇಲ್ಲಾ ಕ್ಲಚ್ ಸಿಲಿಂಡರ್ ಸೀಲ್ ಲೀಕು. ಮೊದ್ಲು ಲೀಕ್ ಎಲ್ಲಿ ಅಂತ ಹುಡುಕ್ಸು, ಆಮೇಲೆ ಬ್ಲೀಡ್ ಮಾಡ್ಸು (ಲೈನಿನ ಗಾಳಿ ತೆಗೆಸು), ಬರೀ ತುಂಬಿಸಿ ಸುಮ್ಮನಾಗ್ಬೇಡ.

ಆಯಿಲ್ ವಿಷಯಕ್ಕೆ, ನಂಬರ್ ದೊಡ್ಡದಾದ್ರೆ ಒಳ್ಳೇದು ಅನ್ನೋದು ತಪ್ಪು. ಜಿಎಲ್-5 ಹೈಪಾಯ್ಡ್ ಡಿಫರೆನ್ಶಿಯಲ್‌ಗೆ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಸೆಟ್ಟು) ಅಂತ ಮಾಡಿದ್ದು, ಅದ್ರಲ್ಲಿ ಗಂಧಕ-ರಂಜಕದ ಅಡಿಟಿವ್ ಜಾಸ್ತಿ, ಕೆಲವು ಆಯಿಲ್ ಬಿಸೀಲಿ ಹಿತ್ತಾಳೇನ ತಿನ್ನತ್ತೆ, ಮೇಲಾಗಿ ಜಾರೋದು ಜಾಸ್ತಿ ಆಗಿ ರಿಂಗು ಕೋನ್ ಹಿಡಿಯೋದು ತಡ. ನಿನ್ನ ಗಾಡಿ ಪುಸ್ತಕದಲ್ಲಿ ಜಿಎಲ್-4 ಅಂತಿದ್ರೆ ಅದೇ ಹಾಕು, ಅದ್ರಲ್ಲಿ ಬರೆದಿರೋ ದಪ್ಪಾನೇ ಹಾಕು. ಬೆಳಿಗ್ಗೆ ಬಿಗಿ ಅಂದ್ಯಲ್ಲ, ತಣ್ಣಗಿದ್ದಾಗ ಆಯಿಲ್ ದಪ್ಪ, ರಿಂಗಿಗೆ ಅದನ್ನ ಸೀಳೋಕೆ ಹೊತ್ತು ಹಿಡಿಯತ್ತೆ, ಅದು ಎಲ್ಲಾ ಗಾಡೀಲೂ ಸ್ವಲ್ಪ ಇರತ್ತೆ. ಬಿಸಿ ಏರೋ ತನಕ ಬಡೀಬೇಡ.

ಡ್ರೈನ್ ಮಾಡಿದಾಗ ಪಕ್ಕದಲ್ಲೇ ನಿಂತು ನೋಡು. ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ಇದ್ರೆ ಮಾಮೂಲು, ಚೂರು ಚೂರು ಲೋಹ ಇದ್ರೆ ಮಾಮೂಲಲ್ಲ. ಹಿತ್ತಾಳೆ ಮ್ಯಾಗ್ನೆಟ್‌ಗೆ ಅಂಟಲ್ಲ, ಅದು ಆಯಿಲಲ್ಲೇ ಬಂಗಾರದ ಪುಡಿ ಥರ ಮಿನುಗತ್ತೆ, ಟಾರ್ಚ್ ಬಿಟ್ಟು ನೋಡು.

ರೆಡ್‌ಲೈನ್_ರೋಗಿ:

ಅಪ್ಡೇಟ್. ಕೆಳಗಿನ ಕ್ಲಚ್ ಸಿಲಿಂಡರ್ ಸೀಲ್ ಲೀಕು, ಬದಲಾಯಿಸಿ ಬ್ಲೀಡ್ ಮಾಡಿಸ್ದೆ, ಜಿಎಲ್-4 ಹಾಕಿಸ್ದೆ. ಹಳೇ ಆಯಿಲಲ್ಲಿ ಟಾರ್ಚ್ ಬಿಟ್ರೆ ಬಂಗಾರ ಮಿನುಗ್ತಿತ್ತು, ನೋಡಿ ಹೊಟ್ಟೆ ತೊಳೆಸಿದ ಹಾಗಾಯ್ತು, ಚೂರುಗಳು ಮಾತ್ರ ಇರ್ಲಿಲ್ಲ. ಈಗ ಟ್ರ್ಯಾಕ್ ಗುರು ಹೇಳಿದ ಹಾಗೆ ಕಾಲು ಮೊದ್ಲು, ಕೈ ಆಮೇಲೆ. ಹತ್ತು ದಿನದಲ್ಲಿ ಒಂದೇ ಸಲ ಕರ್ ಅಂದಿದೆ, ಅದೂ ಹಳೇ ಚಾಳಿ ಬಿಡದೆ 5800ರಲ್ಲಿ ಎಳೆದಾಗ.

ಹಳೇ_ಸ್ಪ್ಯಾನರ್:

ಸವೆದಿದ್ದು ವಾಪಸ್ ಬರಲ್ಲ ತಮ್ಮಾ, ಆದ್ರೆ ಸೆಕೆಂಡಿಗೆ 4000ದ ಒಳಗೇ ಹಾಕ್ತಿದ್ರೆ ಆ ರಿಂಗು ಇನ್ನೂ ಬಹಳ ದಿನ ಬರತ್ತೆ. ಮುಂದೆ ಯಾವಾಗಾದ್ರೂ ಕ್ಲಚ್ ಪ್ಲೇಟ್ ಬದಲಾಯಿಸೋಕೆ ಬಾಕ್ಸ್ ಇಳಿಸ್ತಾರಲ್ಲ, ಆಗ ಸೆಕೆಂಡ್ ರಿಂಗೂ ಹಾಕಿಸ್ಬಿಡು. ಅಲ್ಲೀ ತನಕ ಆ 5800 ಬೇಡ.