ಕೆಳಗಿನ ಬೀದಿಗೆ ನೀರು: ಬುಧವಾರದ ವಾರ್ಡ್ ಸಭೆಗೆ ಎಲ್ಲರೂ ಬನ್ನಿ

ಕೆಳಗಿನ ಬೀದಿ, ಕೊನೆಯ ಮನೆ – ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಬುಧವಾರ 10 ಗಂಟೆಗೆ ಅರಳಿಕಟ್ಟೆ ಹತ್ತಿರ ನಮ್ಮ ವಾರ್ಡ್ ಸಭೆ ಇದೆ. ನಿನ್ನೆ ಕಸದ ಗಾಡಿಯ ಮೈಕಿನಲ್ಲಿ ಕೂಗಿಕೊಂಡು ಹೋದರು. ಕೇಳಿಸದವರಿಗೆ ಊರಿನ ಈ ಗ್ರೂಪಿನಲ್ಲಿ ಹೇಳುತ್ತಿದ್ದೇನೆ. ಹೋದ ಸಲ ನಮ್ಮ ಬೀದಿಯಿಂದ ಹೋಗಿದ್ದು ಮೂರೇ ಜನ. ನಾವು ನೀರಿನ ವಿಷಯ ಎತ್ತುವಷ್ಟರಲ್ಲಿ ಆಶ್ರಯ ಮನೆ ಪಟ್ಟಿಯ ಗಲಾಟೆ ಶುರುವಾಗಿ ಸಭೆ ಮುಗಿದೇ ಹೋಯಿತು.

ಇವತ್ತು ನೀರು ಬಿಟ್ಟಾಗ ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದೆ. ನಮ್ಮ ನಲ್ಲಿಯಲ್ಲಿ ಒಂದು ಕೊಡ ತುಂಬಲು 11 ನಿಮಿಷ ಹಿಡಿಯಿತು. ನೀರು ಎಷ್ಟು ಸಣ್ಣಗೆ ಬರುತ್ತದೆ ಅಂದರೆ ಕೊಡದೊಳಗೆ ಬೀಳುವುದೇ ಇಲ್ಲ, ಪೈಪಿಗೆ ಅಂಟಿಕೊಂಡು ಗೋಡೆ ಕಡೆ ಹರಿಯುತ್ತದೆ. ಅದಕ್ಕೆ ನಲ್ಲಿಯ ಬಾಯಿಗೆ ಹಳೇ ಸೀರೆಯ ಒಂದು ಚೂರು ಕಟ್ಟಿದ್ದೇನೆ. ಆ ಬಟ್ಟೆಯ ತುದಿಯಿಂದ ನೀರು ಕೊಡಕ್ಕೆ ಇಳಿಯುತ್ತದೆ.

ದಿನ ಬಿಟ್ಟು ದಿನ 40 ನಿಮಿಷ ನೀರು ಬಿಡುತ್ತಾರೆ. ಕೊಡ ಅಂದರೆ 15 ಲೀಟರ್. 40 ನಿಮಿಷದಲ್ಲಿ ನಾಲ್ಕು ಕೊಡವೂ ಪೂರ್ತಿ ಆಗುವುದಿಲ್ಲ, ಹೆಚ್ಚೆಂದರೆ 55 ಲೀಟರ್. ನಮ್ಮ ಮನೆಯಲ್ಲಿ 6 ಜನ ಇದ್ದೇವೆ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಮನೆಗೆ ನಲ್ಲಿ ಹಾಕುವಾಗ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಹೇಳಿದ್ದರು. ಅಂದರೆ ಒಬ್ಬರ ಒಂದು ದಿನದ ನೀರಿನಲ್ಲಿ ನಾವು ಆರು ಜನ ಎರಡು ದಿನ ಕಳೆಯುತ್ತಿದ್ದೇವೆ. ನಿಮ್ಮ ನಿಮ್ಮ ಮನೆಯಲ್ಲಿ ಎಷ್ಟು ಹೊತ್ತಿಗೆ ಕೊಡ ತುಂಬುತ್ತದೆ ಅಂತ ಇಲ್ಲಿ ಹಾಕಿ. ಬುಧವಾರ ಅದನ್ನೇ ಬರೆದುಕೊಂಡು ಹೋಗೋಣ.

ಕಿರಾಣಿ ಅಂಗಡಿ – 8:05

ನಮ್ಮದು 6 ನಿಮಿಷ ಅಕ್ಕ. ಗಿರಣಿ ಪಕ್ಕದವರದು 8 ಅಂತೆ, ಅವರ ಫೋನಿನಲ್ಲಿ ಗ್ರೂಪ್ ಇಲ್ಲ, ಕೇಳಿಕೊಂಡು ಬಂದೆ. ಈ ಸಲ ಮಳೆ ಕಡಿಮೆ. ಬೋರಿನಲ್ಲೇ ನೀರು ಇಲ್ಲದಿದ್ದರೆ ಪಂಚಾಯಿತಿಯವರು ತಾನೆ ಏನು ಮಾಡುತ್ತಾರೆ?

ಮೇಷ್ಟ್ರು – 8:30

ಬೋರಿನಲ್ಲಿ ನೀರಿದೆಯೋ ಇಲ್ಲವೋ ಅನ್ನುವುದನ್ನು ಮೊದಲು ನೋಡೋಣ. ನಮ್ಮ ಓವರ್‌ಹೆಡ್ ಟ್ಯಾಂಕ್ 50,000 ಲೀಟರಿನದು, ಗೋಡೆ ಮೇಲೇ ಬರೆದಿದೆ. ಊರಲ್ಲಿ ಸುಮಾರು 120 ಮನೆ. ಮನೆಗೆ 5 ಜನ ಅಂತ ಹಿಡಿದರೆ 600 ಜನ. ತಲೆಗೆ 55 ಲೀಟರ್ ಅಂದರೆ ದಿನಕ್ಕೆ 33,000 ಲೀಟರ್ ಸಾಕು. ಟ್ಯಾಂಕ್ ದಿನಕ್ಕೆ ಒಂದು ಸಲ ತುಂಬಿದರೂ ಎಲ್ಲರಿಗೂ ಕೊಟ್ಟು ಮಿಗಬೇಕು. ಟ್ಯಾಂಕ್ ದಿನಾ ತುಂಬುತ್ತಿದೆಯಾ ಅಂತ ನೀರು ಬಿಡುವ ನೀರಗಂಟಿ ಅಣ್ಣನೇ ಹೇಳಲಿ. ಅವರೂ ಈ ಗುಂಪಿನಲ್ಲಿದ್ದಾರೆ ಅಲ್ವಾ?

ನೀರಗಂಟಿ – 11:15

ಮೇಷ್ಟ್ರೇ, ಟ್ಯಾಂಕ್ ತುಂಬುತ್ತದೆ. ರಾತ್ರಿ ಹೊತ್ತು ಎಂಟು ಗಂಟೆ ಮೋಟಾರ್ ಓಡಿದರೆ ತುಂಬಿ ಹೊರಗೆ ಚೆಲ್ಲುತ್ತದೆ. ಕರೆಂಟ್ ಕೈ ಕೊಟ್ಟ ದಿನ ಮಾತ್ರ ಅರ್ಧ. ತೊಂದರೆ ಇರುವುದು ಗೇಟ್ ವಾಲ್ವಿನಲ್ಲಿ. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಲೈನ್ ಕವಲಾಗುವ ಕಡೆ ಒಂದು ವಾಲ್ವ್ ಇದೆ. ಅದರ ರಾಡ್ ಯುಗಾದಿ ಹೊತ್ತಿಗೆ ಮುರಿಯಿತು. ಮೊದಲು ಒಂದು ದಿನ ಮೇಲಿನ ಬೀದಿ, ಒಂದು ದಿನ ಕೆಳಗಿನ ಬೀದಿ ಅಂತ ಬಿಡುತ್ತಿದ್ದೆ. ಈಗ ತಿರುಗಿಸಲು ಆಗುವುದೇ ಇಲ್ಲ. ಬಿಟ್ಟರೆ ಎರಡಕ್ಕೂ ಒಟ್ಟಿಗೆ ಹೋಗುತ್ತದೆ, ಅದರಲ್ಲಿ ಟ್ಯಾಂಕಿಗೆ ಹತ್ತಿರ ಇರುವ ಮೇಲಿನ ಬೀದಿಯವರಿಗೆ ಮೊದಲು. ಅಲ್ಲಿ ತುಂಬುವ ಹೊತ್ತಿಗೆ ಟ್ಯಾಂಕ್ ತಳ ಕಾಣುತ್ತದೆ. ದಿನಾ ಬಿಟ್ಟರೆ, ಕರೆಂಟ್ ಕೈ ಕೊಟ್ಟಾಗ ಟ್ಯಾಂಕ್ ತುಂಬಲು ಬಿಡುವು ಸಿಗುವುದಿಲ್ಲ, ಅದಕ್ಕೆ ದಿನ ಬಿಟ್ಟು ದಿನ ಮಾಡಿದ್ದೇನೆ. ಆಫೀಸಿನಲ್ಲಿ ಎರಡು ಸಲ ಹೇಳಿದ್ದೇನೆ. ಬಾಯಿ ಮಾತಿನಲ್ಲಿ ಹೇಳಿದ್ದು, ಬರೆದು ಕೊಟ್ಟಿಲ್ಲ.

ಇನ್ನೊಂದು ವಿಷಯ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಮೇಲಿನ ಬೀದಿಯಲ್ಲಿ ಏಳು ಮನೆಯವರು ನಲ್ಲಿಗೇ ಮೋಟಾರ್ ಹಾಕಿದ್ದಾರೆ.

ಕೆಳಗಿನ ಬೀದಿ, ಕೊನೆಯ ಮನೆ – 11:22

ಅಣ್ಣ, ಈ ವಾಲ್ವಿನ ವಿಷಯ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಇಷ್ಟು ದಿನ ನಿಮ್ಮನ್ನೇ ಬೈದುಕೊಂಡು ಓಡಾಡಿದ್ದೇನೆ. ತಪ್ಪಾಯಿತು.

ಮೇಲಿನ ಬೀದಿ, ಹಸು ಸಾಕಿದವರು – ಮಧ್ಯಾಹ್ನ 1:10

ಆ ಏಳರಲ್ಲಿ ನಮ್ಮದೂ ಒಂದು, ಮುಚ್ಚಿಡುವುದೇನೂ ಇಲ್ಲ. ನಮ್ಮಲ್ಲಿ 4 ಹಸು ಇವೆ. ಕರೆಯುವ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ ಐವತ್ತು ಅರವತ್ತು ಲೀಟರ್ ಬೇಕು. ನೀರು ಕಡಿಮೆಯಾದರೆ ಸಂಜೆಗೇ ಹಾಲು ಇಳಿಯುತ್ತದೆ. ಡೇರಿಗೆ ಹಾಕುವ ಹಾಲಿನಲ್ಲೇ ನಮ್ಮ ಸಂಸಾರ ನಡೆಯುವುದು. ಟ್ಯಾಂಕ್ ಹತ್ತಿರದ ದನದ ತೊಟ್ಟಿ ಒಡೆದು ಎಷ್ಟು ದಿನವಾಯಿತು? ಮೊದಲು ಅಲ್ಲೇ ನೀರು ಕುಡಿಸುತ್ತಿದ್ದೆವು. ಅದನ್ನು ಸರಿ ಮಾಡದೆ ಮೋಟಾರ್ ಬಿಚ್ಚಿ ಅಂದರೆ ಹೇಗೆ?

ಅಂಗನವಾಡಿ ಟೀಚರ್ – 1:45

ಅಣ್ಣ, ನಿಮ್ಮ ಕಷ್ಟ ನಿಜ. ದನಕ್ಕೂ ನೀರು ಬೇಕೇ ಬೇಕು. ಆದರೆ ಮೋಟಾರಿನಿಂದ ನೀರು ಕಡಿಮೆ ಆಗುವುದಷ್ಟೇ ಅಲ್ಲ, ಕೊಳಕೂ ಆಗುತ್ತದೆ. ಮೋಟಾರ್ ಪೈಪನ್ನು ಎಳೆದಾಗ ಲೈನಿನಲ್ಲಿ ಎಲ್ಲಾದರೂ ಸಣ್ಣ ಬಿರುಕಿದ್ದರೆ ಹೊರಗಿನ ನೀರು ಒಳಗೆ ಬರುತ್ತದೆ. ನಮ್ಮ ಕೇಂದ್ರದ ಮುಂದೆ ಪೈಪು ಚರಂಡಿಯೊಳಗೇ ಹಾದು ಹೋಗಿದೆ. ಅಲ್ಲಿ ಒಂದು ಜಾಯಿಂಟ್ ಸಡಿಲವಾಗಿ ನೀರು ಬಿಟ್ಟಾಗ ಗುಳ್ಳೆ ಏಳುತ್ತದೆ. ನೀರು ನಿಂತ ಮೇಲೆ ಅದೇ ತೂತಿನಲ್ಲಿ ಚರಂಡಿ ನೀರು ಒಳಗೆ ಹೋಗುತ್ತದೆ. ನಾಳೆ ಬೆಳಿಗ್ಗೆ ಬಂದರೆ ತೋರಿಸುತ್ತೇನೆ. ಮಕ್ಕಳಿಗೆ ಅದೇ ನೀರಿನಲ್ಲಿ ಅಡುಗೆ ಮಾಡುತ್ತೇವೆ. ನನಗೆ ದಿನಾ ಭಯ.

ಕುಡಿಯುವ ನೀರಿನದು ಇನ್ನೊಂದು ಕಥೆ. ಊರಿನ ಶುದ್ಧ ಕುಡಿಯುವ ನೀರಿನ ಫಿಲ್ಟರ್ ಘಟಕ ಎರಡು ತಿಂಗಳಿಂದ ಬಂದ್. ದಾರಿ ಇದ್ದವರು ಬೈಕಿನಲ್ಲಿ ಪಕ್ಕದ ಊರಿಗೆ ಹೋಗಿ 5 ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ಬೈಕ್ ಇಲ್ಲದವರು ಬೋರ್ ನೀರನ್ನೇ ಕುಡಿಯುತ್ತಿದ್ದಾರೆ. ನಮ್ಮ ತುಮಕೂರು ಜಿಲ್ಲೆಯ ಈ ಕಡೆ, ಪಾವಗಡದ ಸುತ್ತಮುತ್ತ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕಾಯಿಸಿ ಕುಡಿದರೆ ಹೋಗುತ್ತದೆ ಅಂತ ಕೆಲವು ತಾಯಂದಿರು ಅಂದುಕೊಂಡಿದ್ದಾರೆ. ದಯವಿಟ್ಟು ಕೇಳಿ: ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಚಿಕ್ಕ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದರೆ ಆಮೇಲೆ ಉಜ್ಜಿದರೂ ಹೋಗುವುದಿಲ್ಲ.

ಬೆಂಗಳೂರು, ಪೀಣ್ಯದಿಂದ – 2:30

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣವಾ? ಫಿಲ್ಟರ್ ಘಟಕದ ರಿಪೇರಿಗೆ ಎಷ್ಟು ಖರ್ಚಾಗಿದೆ, ಯಾರಿಗೆ ಗುತ್ತಿಗೆ ಕೊಟ್ಟಿದ್ದಾರೆ ಅಂತ ಕೇಳಿದರೆ ಎಲ್ಲ ಹೊರಗೆ ಬರುತ್ತದೆ. ನಾನು ಇಲ್ಲಿಂದಲೇ ಟೈಪ್ ಮಾಡಿ ಕಳಿಸುತ್ತೇನೆ.

ಮೇಷ್ಟ್ರು – 3:00

ಹಾಕಬಹುದಪ್ಪ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, 150 ಪದದೊಳಗೆ, ಒಂದೇ ವಿಷಯ ಕೇಳಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಅದು ಆಮೇಲಿನ ಮಾತು. ವಾರ್ಡ್ ಸಭೆ ಮೂರು ದಿನದಲ್ಲೇ ಇದೆ. ಕಾಗದ ಓಡಾಡಿ ಒಂದು ತಿಂಗಳಾಗುವುದಕ್ಕಿಂತ ಎದುರಿಗೆ ಕೂತು ಕೇಳುವುದು ಬೇಗ.

ನಾನು ತುಂಬ ಸಭೆ ನೋಡಿದ್ದೇನೆ, ಅದಕ್ಕೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೋದ ತಕ್ಷಣ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಮಾತು ಆಗುತ್ತದೆ, ಎಲ್ಲರೂ ಎದ್ದು ಹೋಗುತ್ತಾರೆ. ನಡಾವಳಿ, ಅಂದರೆ ಸಭೆಯ ತೀರ್ಮಾನಗಳನ್ನು ಬರೆಯುವುದು ಆಮೇಲೆ, ಆಫೀಸಿನಲ್ಲಿ ಕೂತು. ಅಲ್ಲಿ ನಮ್ಮ ಮಾತು ಒಂದು ಸಾಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಡಾವಳಿಯಲ್ಲಿ ಇಲ್ಲದ್ದು ಗ್ರಾಮಸಭೆಗೂ ಹೋಗುವುದಿಲ್ಲ, ಕ್ರಿಯಾ ಯೋಜನೆಗೂ ಸೇರುವುದಿಲ್ಲ. ಹಾಗಾಗಿ ಬುಧವಾರ ಯಾರೂ ನಡುವೆ ಏಳಬೇಡಿ. ತೀರ್ಮಾನಗಳನ್ನು ಅಲ್ಲೇ ಬರೆದು, ಅಲ್ಲೇ ಓದಿ ಹೇಳಿ ಅಂತ ಕೇಳೋಣ. ಓದಿದ ಪುಟದ ಫೋಟೋ ತೆಗೆದುಕೊಳ್ಳೋಣ. ನಮ್ಮ ಮನವಿ ಎರಡು ಪ್ರತಿ ಇರಲಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ನಾವು ಇಟ್ಟುಕೊಳ್ಳೋಣ.

ವಾರ್ಡ್ ಮೆಂಬರ್ – ರಾತ್ರಿ 8:50

ತೋಟದಿಂದ ಈಗ ಬಂದೆ, ಎಲ್ಲ ಓದಿದೆ. ವಾಲ್ವಿನ ವಿಷಯ ನನ್ನ ಕಿವಿಗೂ ಬಿದ್ದಿರಲಿಲ್ಲ. ಕೊನೆ ಮನೆ ಅಕ್ಕ ಕೊಡದ ಲೆಕ್ಕ ಹಾಕಿದ್ದು ತುಂಬ ಒಳ್ಳೆಯದಾಯಿತು. ಮೀಟಿಂಗಿನಲ್ಲಿ ನಾನು "ನೀರು ಸರಿಯಾಗಿ ಬರುತ್ತಿಲ್ಲ" ಅಂದರೆ "ಎಲ್ಲ ಕಡೆ ಹಾಗೇ" ಅನ್ನುತ್ತಾರೆ. ಈ ಲೆಕ್ಕ ಇಟ್ಟರೆ ಹಾಗೆ ಅನ್ನಲು ಆಗುವುದಿಲ್ಲ.

ದುಡ್ಡಿನ ವಿಷಯ. ಕೇಂದ್ರದಿಂದ ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ವಾಲ್ವ್, ಜಾಯಿಂಟ್ ಅಂಥ ದೊಡ್ಡ ಖರ್ಚಿನ ಕೆಲಸ ಅಲ್ಲ, ಇಲ್ಲ ಅನ್ನಲು ಕಾರಣವೇ ಇಲ್ಲ. ಫಿಲ್ಟರ್ ಘಟಕ ಗುತ್ತಿಗೆಯವರ ಕೈಯಲ್ಲಿದೆ. ಅವರು ಎಷ್ಟು ದಿನದಲ್ಲಿ ಸರಿ ಮಾಡುತ್ತಾರೆ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಸಭೆಯಲ್ಲೇ ತಾರೀಖು ಹೇಳಿಸೋಣ. ಮೋಟಾರ್ ಬಿಚ್ಚಿಸುವುದು ಮಾತ್ರ ನನ್ನೊಬ್ಬಳಿಂದ ಆಗದು. ನಾನು ಹೋಗಿ ಬಿಚ್ಚಿ ಅಂದರೆ ರಾಜಕೀಯ ಅನ್ನುತ್ತಾರೆ. ನೀವು ನೀವೇ ಕೂತು ಮಾತಾಡಿ ಒಪ್ಪಿದರೆ ಚೆನ್ನ.

ಹೆಂಗಸರು ಜಾಸ್ತಿ ಬನ್ನಿ. ನೀರು ಹಿಡಿಯುವವರು ನಾವು, ಸಭೆಯಲ್ಲಿ ಮಾತಾಡುವವರು ಬೇರೆ ಆದರೆ ಹೇಗೆ? ನಮ್ಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಹೆಸರಿಗೆ ಇದ್ದಾರೆ. ಸಮಿತಿ ಕೂತಿದ್ದು ಯಾವಾಗ ಅಂತ ನಾನೇ ಸಭೆಯಲ್ಲಿ ಕೇಳುತ್ತೇನೆ.

ಮೇಲಿನ ಬೀದಿ, ಹಸು ಸಾಕಿದವರು – 9:30

ಮೆಂಬರಕ್ಕ, ದನದ ತೊಟ್ಟಿಯನ್ನೂ ಮನವಿಯಲ್ಲಿ ಸೇರಿಸುತ್ತೀರಾ? ಸೇರಿಸಿದರೆ ನಾನೂ ಸಹಿ ಹಾಕುತ್ತೇನೆ.

ಕೆಳಗಿನ ಬೀದಿ, ಕೊನೆಯ ಮನೆ – 9:34

ಅಣ್ಣ, ಮನವಿ ನಾನೇ ಬರೆಯುವುದು. ಖಂಡಿತ ಸೇರಿಸುತ್ತೇನೆ. ನಿಮ್ಮಿಂದ ಒಂದು ಸಹಾಯ ಬೇಕು. ಮಂಗಳವಾರ ನೀರು ಬಿಡುತ್ತಾರೆ. ಆವತ್ತು ಮೊದಲ ಅರ್ಧ ಗಂಟೆ ಮಾತ್ರ ಏಳು ಮನೆಯವರೂ ಮೋಟಾರ್ ಹಾಕದೆ ಇರಲು ಆಗುತ್ತದಾ? ನಮ್ಮ ನಲ್ಲಿಯಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನೋಡಿದರೆ, ಸಭೆಯಲ್ಲಿ ಮೋಟಾರಿನದು ಎಷ್ಟು, ವಾಲ್ವಿನದು ಎಷ್ಟು ಅಂತ ಹೇಳಲು ಬರುತ್ತದೆ.

ಮೇಲಿನ ಬೀದಿ, ಹಸು ಸಾಕಿದವರು – 9:50

ಅರ್ಧ ಗಂಟೆ ತಾನೆ, ಆಗಲಿ. ಉಳಿದವರನ್ನೂ ಕೇಳುತ್ತೇನೆ. ಎಲ್ಲರೂ ಒಪ್ಪುತ್ತಾರೆ ಅಂತ ಹೇಳಲಾರೆ.

ಅಂಗನವಾಡಿ ಟೀಚರ್ – ಸೋಮವಾರ, ಬೆಳಿಗ್ಗೆ 9:10

ಚರಂಡಿಯ ಜಾಯಿಂಟ್ ನೋಡಲು ಮೇಷ್ಟ್ರು, ನೀರಗಂಟಿ ಅಣ್ಣ, ಅಂಗಡಿಯವರು ಬಂದಿದ್ದರು. ಕಡ್ಡಿ ಹಾಕಿ ಕೆಸರು ಸರಿಸಿದಾಗ ಹೆಬ್ಬೆರಳು ಹೋಗುವಷ್ಟು ತೂತು ಕಾಣಿಸಿತು. ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದಾರೆ. ಸದ್ಯಕ್ಕೆ ಅಷ್ಟೇ, ಪೈಪು ಚರಂಡಿಯಿಂದ ಹೊರಗೆ ಬರಲೇಬೇಕು. ಫೋಟೋ ಮನವಿ ಜೊತೆ ಹಚ್ಚಿ. ನೀರು ಪರೀಕ್ಷೆಯ ಕಿಟ್ ಪಂಚಾಯಿತಿಯಲ್ಲಿದೆ. ಅದನ್ನು ಬಳಸಲು ಊರಿಗೆ ಐದು ಜನ ಹೆಂಗಸರಿಗೆ ತರಬೇತಿ ಕೊಡಬೇಕು ಅಂತ ಜಲ ಜೀವನ್ ಮಿಷನ್ನಿನಲ್ಲೇ ಇದೆ. ನಾನು ಬರುತ್ತೇನೆ, ಇನ್ನು ನಾಲ್ಕು ಜನ ಹೆಸರು ಕೊಡಿ.

ಕಿರಾಣಿ ಅಂಗಡಿ – 9:40

ನಮ್ಮ ಮನೆಯವಳ ಹೆಸರು ಬರೆದುಕೊಳ್ಳಿ ಟೀಚರ್. ಅವಳೇ ಹೇಳಿದ್ದು.

ಕೆಳಗಿನ ಬೀದಿ, ಕೊನೆಯ ಮನೆ – ಮಂಗಳವಾರ, ಬೆಳಿಗ್ಗೆ 7:35

ಇವತ್ತಿನ ಲೆಕ್ಕ. ಮೊದಲ ಕೊಡ 5 ನಿಮಿಷ. ಎರಡನೆಯದು 5. ಮೂರನೆಯದಕ್ಕೂ ಅಷ್ಟೇ. ಅರ್ಧ ಗಂಟೆಯಲ್ಲಿ 6 ಕೊಡ ತುಂಬಿತು. ಬಟ್ಟೆ ಬಿಚ್ಚಿ ಹಿಡಿದೆ, ನೀರು ನೇರವಾಗಿ ಕೊಡಕ್ಕೆ ಬಿತ್ತು. ನಮ್ಮತ್ತೆ ಆ ಸದ್ದು ಕೇಳಿ ಒಳಗಿಂದ ಎದ್ದು ಬಂದರು. ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಸಣ್ಣಗಾಯಿತು. ಏಳರಲ್ಲಿ ಐದು ಮನೆಯವರು ಮೋಟಾರ್ ಹಾಕಿರಲಿಲ್ಲ ಅಂತ ಅಣ್ಣ ಫೋನ್ ಮಾಡಿ ಹೇಳಿದರು. ಐದೂ ಮನೆಯವರಿಗೆ ಕೈ ಮುಗಿಯುತ್ತೇನೆ.

ಮನವಿ ಹೀಗೆ ಬರೆದಿದ್ದೇನೆ, ತಿದ್ದುವುದಿದ್ದರೆ ಸಂಜೆಯೊಳಗೆ ಹೇಳಿ:

"ನಮ್ಮ ಊರಿನ ಟ್ಯಾಂಕಿನಲ್ಲಿ ನೀರಿದ್ದರೂ ಕೆಳಗಿನ ಬೀದಿಯ ಮನೆಗಳಿಗೆ ತಲುಪುತ್ತಿಲ್ಲ. ಮುರಿದ ಗೇಟ್ ವಾಲ್ವನ್ನು ಕೂಡಲೇ ಬದಲಾಯಿಸಿ, ಮೊದಲಿನಂತೆ ಎರಡು ಬೀದಿಗೆ ಬೇರೆ ಬೇರೆ ದಿನ ನೀರು ಬಿಡಬೇಕು. ಅಂಗನವಾಡಿ ಮುಂದೆ ಚರಂಡಿಯಲ್ಲಿ ಹಾದಿರುವ ಪೈಪನ್ನು ಹೊರಗೆ ತರಬೇಕು. ಟ್ಯಾಂಕ್ ಹತ್ತಿರದ ದನದ ತೊಟ್ಟಿ ರಿಪೇರಿ ಮಾಡಿ, ತೊಟ್ಟಿಗೆ ನೀರು ಬಂದ ದಿನದಿಂದ ನಲ್ಲಿಗೆ ಮೋಟಾರ್ ಹಾಕಬಾರದು ಎಂದು ಸಭೆ ತೀರ್ಮಾನಿಸಬೇಕು. ಶುದ್ಧ ನೀರಿನ ಘಟಕ ಯಾವ ತಾರೀಖಿಗೆ ಶುರುವಾಗುತ್ತದೆ ಎಂದು ನಡಾವಳಿಯಲ್ಲಿ ಬರೆಯಬೇಕು. ಬೋರ್ ನೀರಿನ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಬೋರ್ಡಿಗೆ ಹಚ್ಚಬೇಕು. ಹದಿನಾಲ್ಕು ಮನೆಗಳ ಕೊಡದ ಲೆಕ್ಕ ಮತ್ತು ಫೋಟೋ ಇದರ ಜೊತೆ ಇದೆ."

ಮೇಲಿನ ಬೀದಿ, ಹಸು ಸಾಕಿದವರು – 8:00

ತೊಟ್ಟಿಗೆ ನೀರು ಬಂದ ದಿನದಿಂದ ಅಂತ ಬರೆದಿದ್ದು ಸರಿಯಾಗಿದೆ. ನಮ್ಮ ಮನೆಯಿಂದ ಮೂರು ಜನ ಬರುತ್ತೇವೆ.

ಬೆಂಗಳೂರು, ಪೀಣ್ಯದಿಂದ – 8:15

ಟೈಪ್ ಮಾಡಿ ಎರಡು ಪ್ರತಿಗೆ ಆಗುವ ಹಾಗೆ ಪಿಡಿಎಫ್ ಹಾಕುತ್ತೇನೆ. ಬಾಪೂಜಿ ಸೇವಾ ಕೇಂದ್ರದ ಪಕ್ಕದ ಜೆರಾಕ್ಸ್ ಅಂಗಡಿಗೆ ಹೇಳಿದ್ದೇನೆ, ದುಡ್ಡು ಕಳಿಸಿದ್ದೇನೆ.

ನೀರಗಂಟಿ – 8:40

ವಾಲ್ವಿನ ಅಳತೆ ಬರೆದು ತರುತ್ತೇನೆ. ಮುರಿದ ರಾಡ್ ಕೂಡ ತರುತ್ತೇನೆ, ಟೇಬಲ್ ಮೇಲೆ ಇಡೋಣ.

ಮೇಷ್ಟ್ರು – 9:00

ಸಹಿ ಬಾರದವರಿಗೆ ಹೆಬ್ಬೆಟ್ಟಿನ ಪ್ಯಾಡ್ ನನ್ನ ಹತ್ತಿರ ಇದೆ. ಇವತ್ತು ಸಂಜೆ 6 ಗಂಟೆಗೆ ಕೆಳಗಿನ ಬೀದಿಯ ಕೊನೆಯಿಂದ ಶುರು ಮಾಡೋಣ. ಗ್ರೂಪಿನಲ್ಲಿ ಇಲ್ಲದ ಮನೆಗಳಿಗೆ ಮೊದಲು ಹೋಗೋಣ.