ಔಟ್‌ಬೋರ್ಡ್ ಎಂಜಿನ್ನಿನ ‘ಬಲಿ ತುಂಡಿ’ಗೆ ಕನ್ನಡದಲ್ಲಿ ಏನು ಹೇಳೋಣ?

ಗೆಳೆಯರೇ,

ಕೋಡಿಬೆಂಗ್ರೆಯಲ್ಲಿ ನಮ್ಮ ನೆಂಟರದ್ದೊಂದು ಹದಿನಾರು ಅಡಿಯ ಫೈಬರ್ ದೋಣಿ ಇದೆ. ಮೀನು ಹಿಡಿಯಲು ಅಲ್ಲ, ಸುಮ್ನೆ ಸಂಜೆ ಹೊತ್ತು ಹೊಳೆಯಲ್ಲಿ ಸುತ್ತಾಡಲು. ಹಿಂದೆ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವಂಥದ್ದು. ಅದನ್ನು ನೋಡಿಕೊಳ್ಳುವ ಹುಡುಗನಿಗೆ ಇಂಗ್ಲಿಷ್ ಕೈಪಿಡಿ ಓದಲು ಬರುವುದಿಲ್ಲ. ಹಾಗಾಗಿ ಗೋಡೆಗೆ ಅಂಟಿಸುವಂಥ ಒಂದು ಪುಟದ ಕನ್ನಡ ಸೂಚನೆ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಪೆನ್ನು ನಿಂತಿದೆ, ಅದರಲ್ಲೂ ಉಪ್ಪುನೀರು ಎಂಜಿನ್ನಿನ ಬದಲು ತನ್ನನ್ನೇ ಮೊದಲು ತಿನ್ನಲಿ ಎಂದು ಕಟ್ಟುವ ಲೋಹದ ತುಂಡಿನ ಹತ್ತಿರ.

ಕೆಲವಕ್ಕೆ ಚರ್ಚೆಯೇ ಬೇಡ. ಪ್ರೊಪೆಲ್ಲರಿಗೆ ಕರಾವಳಿಯಲ್ಲಿ ‘ಫ್ಯಾನು’ ಎನ್ನುತ್ತಾರೆ, ಫ್ಯಾನಿಗೆ ಬಲೆ ಸಿಕ್ಕಿತು ಅಂದರೆ ಎಲ್ಲರಿಗೂ ಗೊತ್ತು. ಅದನ್ನೇ ಬರೆದೆ. ದೋಣಿಯ ತಳದಲ್ಲಿ ನೀರು ಬಿಡಲು ಇರುವ ತೂತಿನ ಮುಚ್ಚಳಕ್ಕೆ ‘ಬೂಚು’. ‘ಬಿರಡೆ’ಯೂ ಸರಿಯೇ, ಆದರೆ ಆ ಮಾತು ಕೇಳಿದರೆ ನನಗೆ ವೀಣೆಯೇ ನೆನಪಾಗುತ್ತದೆ. ‘ದೋಣಿ ನೀರಿಗೆ ಇಳಿಸುವ ಮೊದಲು ಬೂಚು ಹಾಕಿದೆಯಾ?’ ಎಂಬುದೇ ಪುಟದ ಮೊದಲ ಸಾಲು. ಒಳಗೆ ಸೇರಿದ ನೀರನ್ನು ‘ಮೊಗೆದು ಹಾಕು’ ಎಂದರೆ ಸಾಕು.

‘ಚುಕ್ಕಾಣಿ’ಯ ಬಗ್ಗೆ ಮಾತ್ರ ಸ್ವಲ್ಪ ಅನುಮಾನ. ಅರಬ್ಬಿಯ ‘ಸುಕ್ಕಾನ್’ನಿಂದ ಬಂದ ಪದ ಇದು, ನೀರಿನೊಳಗೆ ತಿರುಗುವ ಹಲಗೆಯ ಹೆಸರು. ಈಗ ಪತ್ರಿಕೆಗಳಲ್ಲಿ ಪಕ್ಷದ ಚುಕ್ಕಾಣಿಯೇ ಜಾಸ್ತಿ ಕಾಣುತ್ತದೆ, ದೋಣಿಯದ್ದು ಕಡಿಮೆ. ಔಟ್‌ಬೋರ್ಡ್ ದೋಣಿಗೆ ಆ ಹಲಗೆಯೇ ಇಲ್ಲ, ಇಡೀ ಎಂಜಿನ್ನೇ ತಿರುಗುತ್ತದೆ. ಎಂಜಿನ್ನಿನ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ‘ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸು’ ಎಂದು ಬರೆದರೆ, ಕಾರು ಓಡಿಸಿ ಗೊತ್ತಿರುವವನು ಸ್ಟೀರಿಂಗ್ ಅಂದುಕೊಂಡು ದಡಕ್ಕೆ ಗುದ್ದುತ್ತಾನೆ. ಅದಕ್ಕೇ ‘ಎಂಜಿನ್ ಹಿಡಿ’ ಎಂದು ಬರೆದಿದ್ದೇನೆ. ಒಪ್ಪಿಗೆಯೇ?

ಇನ್ನೊಂದು ತಮಾಷೆಯದ್ದು. ಎಂಜಿನ್ ಓಡುವಾಗ ಹಿಂಬದಿಯ ಪುಟ್ಟ ತೂತಿನಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿರಬೇಕು. ಪಂಪು ನೀರು ಎಳೆಯುತ್ತಿದೆ, ಎಂಜಿನ್ ತಂಪಾಗುತ್ತಿದೆ ಎಂಬುದಕ್ಕೆ ಅದೇ ಗುರುತು. ಆ ಧಾರೆ ನಿಂತರೆ ತಕ್ಷಣ ಎಂಜಿನ್ ಆಫ್ ಮಾಡಬೇಕು. ಒಮ್ಮೊಮ್ಮೆ ತೂತಿನಲ್ಲಿ ಕೆಸರೋ ಹುಳದ ಗೂಡೋ ಕಟ್ಟಿಕೊಂಡಿರುತ್ತದೆ, ತೆಳು ತಂತಿ ಹಾಕಿದರೆ ಬಿಡುತ್ತದೆ. ಅಲ್ಲದಿದ್ದರೆ ಪಂಪಿನ ರಬ್ಬರ್ ಚಕ್ರ ಹೋಗಿರುತ್ತದೆ. ಹುಡುಗ ಹೇಳುವುದು ‘ಎಂಜಿನ್ ಉಚ್ಚೆ ಹೊಯ್ತಾ ಇಲ್ಲ’ ಎಂದು. ಇಂಗ್ಲಿಷಿನವರೂ ಇದೇ ತಮಾಷೆ ಮಾಡುತ್ತಾರೆ. ಗೋಡೆ ಮೇಲೆ ಅದನ್ನು ಬರೆಯಲು ಮನೆಯ ಹೆಂಗಸರ ಒಪ್ಪಿಗೆ ಸಿಗಲಿಲ್ಲ. ‘ಸಾಕ್ಷಿನೀರು’ ಎಂದು ಹಾಕಿದ್ದೇನೆ. ಸ್ವಲ್ಪ ಕೋರ್ಟಿನ ವಾಸನೆ ಬರುತ್ತದೆ, ಆದರೂ ಅರ್ಥ ಕೂರುತ್ತದೆ ಅಲ್ವಾ?

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಉಪ್ಪುನೀರು ಲೋಹವನ್ನು ತಿನ್ನುತ್ತದೆ. ನಮ್ಮ ಮನೆಯಲ್ಲಿ ಕತ್ತಿಗೆ ಹಿಡಿಯುವುದು ತುಕ್ಕು, ಹಿತ್ತಾಳೆ ತಂಬಿಗೆಗೆ ಕಟ್ಟುವುದು ಕಿಲುಬು. ಔಟ್‌ಬೋರ್ಡಿನ ಕಾಲು, ಅಂದರೆ ನೀರಿಗೆ ಇಳಿಯುವ ಭಾಗ, ಅಲ್ಯೂಮಿನಿಯಮ್ಮಿನದು. ಅದರಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಬಣ್ಣದ ಅಡಿಯಲ್ಲಿ ಗುಳ್ಳೆ ಏಳುತ್ತದೆ, ಒಡೆದರೆ ಬಿಳಿ ಪುಡಿ. ‘ತುಕ್ಕು ನೋಡು’ ಎಂದು ಬರೆದರೆ ಹುಡುಗ ಕೆಂಪು ಹುಡುಕಿ, ಏನೂ ಇಲ್ಲ ಎಂದು ಎದ್ದು ಹೋಗುತ್ತಾನೆ. ಈ ಬಿಳಿ ಪುಡಿಗೆ ನಿಮ್ಮ ಕಡೆ ಹೆಸರಿದೆಯೇ? ಸದ್ಯಕ್ಕೆ ‘ಉಪ್ಪು ತಿಂದ ಗುರುತು’ ಎಂದು ಬರೆದಿದ್ದೇನೆ.

ಅದನ್ನು ತಡೆಯಲು ಎಂಜಿನ್ನಿನ ಕಾಲಿಗೆ ಒಂದು ಲೋಹದ ತುಂಡು ಕಟ್ಟಿರುತ್ತಾರೆ. ನೀರು ಮೊದಲು ಅದನ್ನು ತಿನ್ನುತ್ತದೆ, ಎಂಜಿನ್ ಉಳಿಯುತ್ತದೆ. ಅರ್ಧ ಕರಗಿದಾಗ ಬದಲಿಸಬೇಕು. ಇಂಗ್ಲಿಷಿನಲ್ಲಿ ಇದು ‘ಸ್ಯಾಕ್ರಿಫಿಷಿಯಲ್ ಆನೋಡ್’, ಅಂದರೆ ಬಲಿಯಾಗುವ ಆನೋಡ್. ಬೋಟಿನ ಕೆಲಸದವರು ಸುಮ್ನೆ ಜಿಂಕ್ ಎನ್ನುತ್ತಾರೆ. ಅದನ್ನು ‘ಸತು’ ಎಂದು ಕನ್ನಡಕ್ಕೆ ತಂದರೆ ತಪ್ಪಾಗುತ್ತದೆ. ಸಮುದ್ರದ ನೀರಿಗೆ ಸತು ಸರಿ. ಅಳಿವೆಯ ಅರೆ ಉಪ್ಪಿನ ನೀರಿಗೆ ಅಲ್ಯೂಮಿನಿಯಮ್ ಮಿಶ್ರಲೋಹ ಮೇಲು. ಲಿಂಗನಮಕ್ಕಿ ಹಿನ್ನೀರಿನಂಥ ಸಿಹಿನೀರಿಗೆ ಮೆಗ್ನೀಸಿಯಮ್. ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಮೆಗ್ನೀಸಿಯಮ್ ತುಂಡನ್ನು ಸಮುದ್ರಕ್ಕೆ ಒಯ್ದರೆ ಬೇಗನೆ ಕರಗಿ ಹೋಗುತ್ತದೆ. ಅಂದರೆ ಹೆಸರಿನಲ್ಲಿ ಲೋಹ ಇರಬಾರದು, ಕೆಲಸ ಇರಬೇಕು.

‘ಬಲಿ ತುಂಡು’ ಎಂದರೆ ನಮ್ಮೂರಲ್ಲಿ ಕೋಳಿಯ ನೆನಪು ಬರುತ್ತದೆ. ‘ತ್ಯಾಗದ ಆನೋಡ್’ ಪಠ್ಯಪುಸ್ತಕದ ಮಾತು, ಗಂಭೀರ ಮುಖದಲ್ಲಿ ಹೇಳಬೇಕು. ನನಗೆ ಹೊಳೆದದ್ದು ‘ಸವೆತುಂಡು’. ಸವೆಯುವುದೇ ಅದರ ಕೆಲಸ, ಸವೆಯದೆ ಹಾಗೇ ಇದ್ದರೆ ಅನುಮಾನ ಪಡಬೇಕು. ಕಳೆದ ಮಳೆಗಾಲದಲ್ಲಿ ದೋಣಿ ಮೇಲೆತ್ತಿ ಬಣ್ಣ ಹೊಡೆದಾಗ ಯಾರೋ ಆ ತುಂಡಿಗೂ ನೀಟಾಗಿ ಪೇಂಟ್ ಬಳಿದಿದ್ದರು. ನೋಡಲು ಚಂದ. ಆದರೆ ನೀರು ತಾಗದ ಮೇಲೆ ಅದು ಇದ್ದೂ ಇಲ್ಲದ ಹಾಗೆ. ಸೂಚನೆಯಲ್ಲಿ ದಪ್ಪ ಅಕ್ಷರದ ಸಾಲು ಹೀಗಿದೆ: ‘ಸವೆತುಂಡಿಗೆ ಬಣ್ಣ ಬಳಿಯಬೇಡ.’

ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆಯವರು ಯಾರಾದರೂ ಇದ್ದರೆ ಒಂದು ಸಹಾಯ ಬೇಕು. ಅಲ್ಲಿನ ತಾಂಡೇಲರು (ಬೋಟು ನಡೆಸುವವರು), ಎಂಜಿನ್ ರಿಪೇರಿಯವರು ಈ ತುಂಡಿಗೆ ಜಿಂಕ್ ಬಿಟ್ಟು ಬೇರೆ ಏನಾದರೂ ಹೇಳುತ್ತಾರಾ? ಕೊಂಕಣಿ, ತುಳು ಪದವಾದರೂ ಪರವಾಗಿಲ್ಲ. ಅಂಥದ್ದು ಸಿಕ್ಕರೆ ನನ್ನ ‘ಸವೆತುಂಡು’ ಹೊಡೆದುಹಾಕಿ ಅದನ್ನೇ ಬರೆಯುತ್ತೇನೆ.