ಪದಚರ್ಚೆ: ಗಿರಣಿಯ ‘ಬದಲಿ’ಗೆ ಏನರ್ಥ ಬರೆಯೋಣ?

ಸೊಲ್ಲಾಪುರದಿಂದ ಎಲ್ಲರಿಗೂ ಶರಣು.

ಇಲ್ಲಿಯ ಬಟ್ಟೆ ಗಿರಣಿ ಕೆಲಸದ ಪದಗಳನ್ನು ಒಟ್ಟು ಮಾಡುತ್ತಿದ್ದೇನೆ. ‘ಬದಲಿ’ಯ ಹತ್ತಿರ ಬಂದು ನಿಂತಿದ್ದೇನೆ. ‘ಒಂದರ ಜಾಗದಲ್ಲಿ ಇನ್ನೊಂದು’ ಅಂತ ಬರೆದರೆ ಮುಗಿಯಿತು ಅನ್ನಿಸುತ್ತದೆ, ಬದಲಿ ರಸ್ತೆ ಇದ್ದಂತೆ ಬದಲಿ ಕಾಮಗಾರ. ಆದರೆ ಹಳೇ ಗಿರಣಿಯ ಮಂದಿ ‘ಅವ ಬದಲಿ ಇದ್ದ’ ಅಂದರೆ ಅದು ಅವತ್ತೊಂದು ದಿನದ ಮಾತಲ್ಲ, ಅವನ ದರ್ಜೆಯ ಮಾತು. ವರ್ಷಗಟ್ಟಲೆ ಗಿರಣಿಗೆ ಹೋದವನೂ ಬದಲಿಯೇ. ಎದುರು ಪದ ‘ಕಾಯಂ’.

(ನಮ್ಮ ಕಡೆ ಮಾಸ್ತರರನ್ನು ಬೇರೆ ಊರಿಗೆ ಹಾಕಿದರೂ ‘ಬದಲಿ ಆತು’ ಅಂತೀವಿ, ಮರಾಠಿಯಂತೆ. ನೀವು ‘ವರ್ಗ ಆಯ್ತು’ ಅಂತೀರಿ. ಆ ಅರ್ಥ ಇಲ್ಲಿ ಬೇಡ.)

ಭೋಂಗಾ (ಗಿರಣಿಯ ಸೈರನ್) ಹೊಡೆಯುವ ಹೊತ್ತಿಗೆ ಬದಲಿಯವರು ಗೇಟಿನ ಹತ್ತಿರ ಇರಬೇಕಿತ್ತು. ಕಾಯಂನವ ಬರದಿದ್ದರೆ ಆ ಜಾಗಕ್ಕೆ ಒಬ್ಬನಿಗೆ ಕರೆ. ಕರೆಯುವವನು ಜಾಬರ, ಅಂದರೆ ಕೆಲಸಗಾರರ ಮೇಲಿನ ಮುಖಂಡ. ಅವನೂ ಕೆಲಸಗಾರರ ನಡುವಿನಿಂದಲೇ ಮೇಲೆ ಬಂದವನು. ಆದರೂ ಅವನ ಕೈ ಬೆಚ್ಚಗೆ ಮಾಡಬೇಕಿತ್ತು. ಮುಂಬಯಿ ಗಿರಣಿಗಳಲ್ಲಿ ಇದಕ್ಕೆ ‘ದಸ್ತೂರಿ’ ಎಂಬ ಮರ್ಯಾದೆಯ ಹೆಸರೇ ಇತ್ತು! ಕಾಯಂನವನಿಗೆ ಜ್ವರ ಬಂದರೆ ಬದಲಿಯವನಿಗೆ ಕೂಲಿ. ಇಬ್ಬರೂ ಒಂದೇ ಓಣಿಯವರು ಇರಬಹುದು, ಬೀಗರೂ ಇರಬಹುದು.

ಈ ಪದ ಇಂಗ್ಲಿಷಿನಲ್ಲಿ ಬರೆದ ನಮ್ಮ ದೇಶದ ಕಾನೂನಿಗೂ ಹಾಗೇ ನುಗ್ಗಿದೆ. 1946ರ ಸ್ಥಾಯಿ ಆದೇಶಗಳ (ಕಾರ್ಖಾನೆಯ ಕೆಲಸದ ಷರತ್ತುಗಳ) ಕಾಯ್ದೆಯ ಮಾದರಿ ನಿಯಮದಲ್ಲಿ ಕೆಲಸಗಾರರನ್ನು ಕಾಯಂ, ಪರೀಕ್ಷಾ ಅವಧಿಯವರು, ಬದಲಿ, ತಾತ್ಕಾಲಿಕ, ಕ್ಯಾಶುವಲ್, ಅಪ್ರೆಂಟಿಸ್ ಅಂತ ಬೇರೆ ಬೇರೆ ಮಾಡಿದ್ದರು. ಬದಲಿ, ತಾತ್ಕಾಲಿಕ ಎರಡೂ ಬೇರೆ ಎಂಬುದನ್ನು ಗಮನಿಸಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಸಿ ಕಲಮಿನಲ್ಲಿ ಲೇ-ಆಫ್ ಆದವರಿಗೆ (ಕೆಲಸ ಕೊಡಲಾಗದೆ ಕೆಲ ದಿನ ಮನೆಗೆ ಕಳಿಸಿದವರಿಗೆ) ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕಿತ್ತು, ಬದಲಿಯವರನ್ನು ಬಿಟ್ಟು. ಒಂದು ವರ್ಷದ ಸತತ ಸೇವೆ, ಅಂದರೆ 12 ತಿಂಗಳಲ್ಲಿ 240 ದಿನದ ಕೆಲಸ, ತುಂಬಿದರೆ ಮಾತ್ರ ಅವನನ್ನು ಬದಲಿ ಅಂತ ಎಣಿಸುವಂತಿರಲಿಲ್ಲ. 240 ಎಂಬ ಲೆಕ್ಕ ಗಿರಣಿ ಮಂದಿಗೆ ಬಾಯಿಪಾಠ ಆದದ್ದು ಸುಮ್ನೆ ಅಲ್ಲ. 1982ರ ಜನವರಿ 18ರಂದು ಮುಂಬಯಿಯಲ್ಲಿ ಶುರುವಾದ ದೊಡ್ಡ ಮುಷ್ಕರದ ಬೇಡಿಕೆಗಳಲ್ಲಿ ಬದಲಿಯವರನ್ನು ಕಾಯಂ ಮಾಡಿ ಎಂಬುದೂ ಇತ್ತು.

ಕಾಯಂ ಆದರೂ ಎಲ್ಲರೂ ಸಮ ಆಗುತ್ತಿರಲಿಲ್ಲ, ಅದು ಬೇರೆ ಮಾತು. ಮುಂಬಯಿಯಲ್ಲಿ ಜಾಸ್ತಿ ಕೂಲಿಯ ನೇಯ್ಗೆ ಖಾತೆಗೆ ದಲಿತರನ್ನು ಬಿಡುತ್ತಿರಲಿಲ್ಲ. ಲಾಳಿಗೆ ಕಂಡಿಕೆ (ನೂಲು ಸುತ್ತಿದ ಕೊಳವೆ) ಹಾಕುವಾಗ ಲಾಳಿಯ ಕಣ್ಣಿನಿಂದ ನೂಲನ್ನು ಬಾಯಲ್ಲಿ ಎಳೆಯಬೇಕು, ಎಂಜಲಾಗುತ್ತದೆ ಎಂಬುದು ನೆವ. ತಡೆದವರು ಮಾಲಕರಷ್ಟೇ ಅಲ್ಲ, ಜೊತೆಗಿನ ನೇಕಾರರೂ. 1928ರ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದರು. ಹಾಗಾಗಿ ‘ಖಾತೆ’ ಎಂಬ ಪದಕ್ಕೂ ಬರೀ ‘ವಿಭಾಗ’ ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ.

‘ಪರ್ಯಾಯ ಕಾರ್ಮಿಕ’ ಅಂತ ಬರೆಯಿರಿ ಅಂದರು ಒಬ್ಬರು. ಬೇಡ, ಹಾಗೆ ಯಾರೂ ಆಡಿಲ್ಲ. ‘ಹಂಗಾಮಿ’ಯೂ ಕೂಡುವುದಿಲ್ಲ. ಹಂಗಾಮಿಯವನ ಕೆಲಸಕ್ಕೇ ಅವಧಿ ಇರುತ್ತದೆ. ಬದಲಿಯವನದು ಹಾಗಲ್ಲ, ಕೆಲಸ ಕಾಯಂ, ಅವನು ಮಾತ್ರ ಅಲ್ಲ. ‘ಗುತ್ತಿಗೆ’ ಅಂದರೆ ನಡುವೆ ಗುತ್ತಿಗೆದಾರ ಬಂದ ಹಾಗೆ, ಇಲ್ಲಿ ಕೂಲಿ ಕೊಡುವುದು ಗಿರಣಿಯೇ. ಸದ್ಯಕ್ಕೆ ‘ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ದುಡಿಯಲು ಕಾದಿರುವವನು, ಗಿರಣಿಯಲ್ಲಿ ಕಾಯಂಗಿಂತ ಕೆಳಗಿನ ದರ್ಜೆ’ ಅಂತ ಬರೆದಿಟ್ಟಿದ್ದೇನೆ.

ಗೋಕಾಕ ಫಾಲ್ಸ್, ಹುಬ್ಬಳ್ಳಿ, ದಾವಣಗೆರೆ ಗಿರಣಿಗಳಲ್ಲಿ ದುಡಿದವರ ಮನೆಯವರು ಇಲ್ಲಿದ್ದರೆ ಹೇಳಿ: ನಿಮ್ಮಲ್ಲಿ ‘ಬದಲಿ’ಯೇ ನಡೆಯುತ್ತಿತ್ತೋ, ಬೇರೆ ಪದವೋ? ಜಾಬರನಿಗೆ ಕೊಡುವ ಹಣಕ್ಕೆ ಕನ್ನಡದಲ್ಲಿ ಏನಂತಿದ್ದರು? ಬದಲಿ ಹೆಂಗಸರನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರೆ ಅದನ್ನೂ ತಿಳಿಸಿ.